ಮೆರುಗಿನ ಚರಿತ್ರೆ: ಅರಗಿನಿಂದ ಮೋಟಾರು ಮೇಣದವರೆಗೆ

ಮಹಾನವಮಿಯ ಬೆಳಿಗ್ಗೆ ಮದ್ದಿಕೇರದ ಬೀದಿಗಳಲ್ಲಿ ನಡೆದು ಬಂದವರಿಗೆ ಊರಿಗೆ ಊರೇ ತೊಳೆಯುವುದರಲ್ಲಿಯೂ ಒರೆಸುವುದರಲ್ಲಿಯೂ ತೊಡಗಿರುವ ನೋಟವು ಕಾಣಸಿಗುತ್ತದೆ. ನೇಗಿಲು, ಕುಂಟೆ, ಕೊಡಲಿಗಳಿಂದ ಮೊದಲುಗೊಂಡು ಟ್ರ್ಯಾಕ್ಟರು, ಆಟೋ, ಕಾರುಗಳವರೆಗೆ ಎಲ್ಲಕ್ಕೂ ಆ ದಿನ ಸ್ನಾನ. ಮರುದಿನ ವಿಜಯದಶಮಿಗೆ ಓಡಬೇಕಾದ ಕುದುರೆಗಳ ಮೈಯನ್ನು ತಿಕ್ಕುವವರೂ, ಅವುಗಳ ಜೀನಿನ ತೊಗಲಿಗೆ ಎಣ್ಣೆ ಹಚ್ಚುವವರೂ ಇದ್ದೇ ಇರುತ್ತಾರೆ. ಇಂತಹುದೊಂದು ಬೆಳಿಗ್ಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಕಾರಿನ ಮುಂದೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದುದನ್ನು ಕಂಡೆವು. ಬಾಡಿಗೆಗೆ ಕಾರು ನಡೆಸಿ ಸಂಸಾರ ಸಾಗಿಸುವ ಹುಡುಗ ಅವನು. ಕಪ್ಪು ಬಣ್ಣದ ಆ ಕಾರಿನ ನೆತ್ತಿಯ ಮೇಲೆಲ್ಲ ಸುಣ್ಣದ ಚುಕ್ಕೆಗಳಂತಹ ಬಿಳಿಯ ಕಲೆಗಳು ಎದ್ದಿದ್ದವು.

“ಮೂರು ವರ್ಷ ಹೊಳೀತದ ಅಂದಿದ್ರು, ಸಾರ್. ಒಂದು ಬ್ಯಾಸಿಗಿ ದಾಟ್ಲಿಲ್ಲ” ಎಂದನು.

“ಎಷ್ಟು ಕೊಟ್ಟಿಯಪ್ಪಾ?” ಎಂದು ಕೇಳಿದೆವು.

“ಎರಡು ಕಂತಿನ ದುಡ್ಡು, ಸಾರ್.”

ಯಾವುದೋ ಪಟ್ಟಣದ ಯಾವುದೋ ಅಂಗಡಿಯಲ್ಲಿ ಗಾಜಿನಂತಹ ಲೇಪವನ್ನು ಹಚ್ಚಿಸಿಕೊಂಡು ಬಂದಿದ್ದನಂತೆ. ಅಂಗಡಿಯವನು ಸುಳ್ಳಾಡಿದನೆ, ಅಥವಾ ನಮ್ಮ ಸೀಮೆಯ ನೀರು ಬಿಸಿಲುಗಳು ಆ ಮಾತನ್ನು ಸುಳ್ಳು ಮಾಡಿದುವೆ ಎಂಬುದನ್ನು ನಾವು ಆಗ ಹೇಳಲಾರದೆ ಹೋದೆವು. ಆ ಸಂಕೋಚವೇ ಈ ಪ್ರಬಂಧಕ್ಕೆ ಕಾರಣ. ಮೆರುಗೆಂದರೇನು, ಮನುಷ್ಯನು ಅದನ್ನು ಹೇಗೆ ಹುಡುಕಿದನು, ಹೇಗೆ ಕಾಪಾಡಿಕೊಳ್ಳಲೆತ್ನಿಸಿದನು ಎಂಬುದನ್ನು ನಮ್ಮ ನೆಲದಿಂದಲೇ ಹೊರಟು ನೋಡೋಣವೆಂದು ನಿಶ್ಚಯಿಸಿದೆವು.

ಹೊಳಪು ವಸ್ತುವಿನೊಳಗೆ ಅಡಗಿರುವ ಒಂದು ಗುಣವಲ್ಲ. ಅದರ ಮೇಲ್ಮೈಯ ನುಣುಪಿಗೆ ಬೆಳಕು ಕೊಡುವ ಉತ್ತರ. ಕೆರೆಯ ನೀರು ನಿಶ್ಚಲವಾಗಿದ್ದಾಗ ದಡದ ಮರವು ಅದರಲ್ಲಿ ಸ್ಪಷ್ಟವಾಗಿ ಮೂಡುತ್ತದೆ. ಗಾಳಿ ಬೀಸಿ ಅಲೆಯೆದ್ದೊಡನೆ ಬಿಂಬವು ಚೂರುಚೂರಾಗುತ್ತದೆ. ನೀರು ಅದೇ, ಬೆಳಕೂ ಅದೇ. ನುಣುಪಾದ ಮೈಯಿಂದ ಕಿರಣಗಳು ಒಂದೇ ದಿಕ್ಕಿಗೆ ಮರಳುತ್ತವೆ. ಒರಟು ಮೈಯಿಂದ ಎಲ್ಲ ದಿಕ್ಕಿಗೂ ಚೆದರುತ್ತವೆ. ಮೆರುಗನ್ನು ಪಡೆಯಲು ಆದ್ದರಿಂದ ಎರಡೇ ದಾರಿ: ಇದ್ದ ಮೈಯನ್ನೇ ಉಜ್ಜಿ ನುಣುಪು ಮಾಡುವುದು, ಇಲ್ಲವೆ ಒರಟಿನ ಮೇಲೆ ನುಣುಪಾದ ಬೇರೊಂದು ಮೈಯನ್ನು ಬಳಿಯುವುದು. ಉಜ್ಜಿದ ಮೆರುಗು, ಬಳಿದ ಮೆರುಗು ಎಂದು ನಾವು ಇವನ್ನು ಕರೆಯಬಹುದು. ಚರಿತ್ರೆಯೆಲ್ಲವೂ ಈ ಎರಡರ ನಡುವೆಯೇ ಓಲಾಡಿದೆ.

ಉಜ್ಜಿದ ಮೆರುಗಿಗೆ ಭಾರತದಲ್ಲಿ ಮೌರ್ಯರ ಕಾಲದ ಕಂಬಗಳಿಗಿಂತ ದೊಡ್ಡ ಸಾಕ್ಷಿಯಿಲ್ಲ. ಸಾರನಾಥದ ಸಿಂಹಶಿರದ ಮರಳುಗಲ್ಲು 2,200 ವರ್ಷಗಳನ್ನು ಮೀರಿದ ಮೇಲೆಯೂ ಕನ್ನಡಿಯಂತೆ ಹೊಳೆಯುತ್ತದೆ. ಅದೇ ಅಶೋಕನು ನಮ್ಮ ಮದ್ದಿಕೇರದಿಂದ ಬಹುದೂರವಲ್ಲದ ಎರ್ರಗುಡಿಯಲ್ಲಿಯೂ, ಪತ್ತಿಕೊಂಡದ ಕಡೆಯ ರಾಜುಲ ಮಂಡಗಿರಿಯಲ್ಲಿಯೂ ಶಾಸನಗಳನ್ನು ಬರೆಯಿಸಿದನು. ಆದರೆ ಇಲ್ಲಿ ಅವನಿಗೆ ಕಂಬವೂ ಬೇಕಾಗಲಿಲ್ಲ, ಮೆರುಗೂ ಬೇಕಾಗಲಿಲ್ಲ. ಬಿಸಿಲಿಗೆ ಕಾದು ನಿಂತ ಹೆಬ್ಬಂಡೆಗಳ ಒರಟು ಮೈಯೇ ಸಾಕಾಯಿತು. ಶಾಲೆಯ ಮಕ್ಕಳನ್ನು ಎರ್ರಗುಡಿಗೆ ಕರೆದೊಯ್ಯುವ ಉಪಾಧ್ಯಾಯರು ಈ ಹೋಲಿಕೆಯನ್ನು ಅವರಿಗೆ ತೋರಿಸದೆ ಬರಬಾರದು.

ಕನ್ನಡನಾಡಿನಲ್ಲಿ ಉಜ್ಜಿದ ಮೆರುಗಿನ ಸಿದ್ಧಿಯನ್ನು ಕಾಣಬೇಕಾದರೆ ಕೊಪ್ಪಳದ ಕಡೆಯ ಇಟಗಿಗೆ ಹೋಗಬೇಕು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, 1112ರಲ್ಲಿ, ಮಹಾದೇವ ದಂಡನಾಯಕನು ಕಟ್ಟಿಸಿದ ಮಹಾದೇವಾಲಯದ ಕಂಬಗಳ ಬಳೆಗಳನ್ನು ನೋಡಿದವರಿಗೆ, ಕಲ್ಲನ್ನು ಚರಕಿಗೆ ಹಿಡಿದು ಕಡೆದರೋ ಎಂಬ ಭ್ರಮೆ ಹುಟ್ಟುತ್ತದೆ. ಲಕ್ಕುಂಡಿಯಲ್ಲಿಯೂ ಹಾಗೆಯೇ. ಕೆಲವು ಕಂಬಗಳಲ್ಲಿ ನೋಡುವವನ ನೆರಳು ಮೂಡುತ್ತದೆ. ಇವುಗಳ ಮೇಲೆ ಯಾವ ಮೇಣವೂ ಇಲ್ಲ, ಯಾವ ಎಣ್ಣೆಯೂ ಬೇಕಿಲ್ಲ. ಮೆತು ಜಾತಿಯ ಕಲ್ಲನ್ನು ಆರಿಸಿ, ಒರಟಿನಿಂದ ನಯಕ್ಕೆ, ನಯದಿಂದ ಮತ್ತೂ ನಯಕ್ಕೆ ಉಜ್ಜುತ್ತ ಹೋದ ಕೈಗಳ ತಾಳ್ಮೆಯೊಂದೇ ಅಲ್ಲಿರುವುದು.

ಇನ್ನು ಬಳಿದ ಮೆರುಗು. ಇದರ ತವರು ನಮ್ಮ ದೇಶವೇ ಎಂದರೆ ಉತ್ಪ್ರೇಕ್ಷೆಯಾಗದು. ಇಂಗ್ಲಿಷಿನ ‘ಲ್ಯಾಕರ್’ ಎಂಬ ಪದದೊಳಗೆ ನಮ್ಮ ‘ಲಾಕ್ಷಾ’ ಅಡಗಿ ಕುಳಿತಿದೆ. ಪಾರಸಿ, ಪೋರ್ಚುಗೀಸು ಭಾಷೆಗಳ ಮೂಲಕ ಅದು ಪಡುವಣಕ್ಕೆ ಪಯಣಿಸಿತು. ಕನ್ನಡದಲ್ಲಿ ನಾವಿದನ್ನು ಅರಗು ಎನ್ನುತ್ತೇವೆ. ಮುತ್ತುಗ, ಎಲಚಿ ಮೊದಲಾದ ಮರಗಳ ಎಳೆಯ ಕೊಂಬೆಗಳಿಗೆ ಅಂಟಿಕೊಂಡು ರಸ ಹೀರುವ ಒಂದು ಸಣ್ಣ ಕೀಟವು ತನ್ನ ರಕ್ಷಣೆಗಾಗಿ ಮೈಯಿಂದ ಒಸರಿಸುವ ರಾಳವೇ ಅರಗು. ಒಂದೊಂದು ಕೊಂಬೆಗೆ ಅಸಂಖ್ಯಾತ ಕೀಟಗಳು ಮುತ್ತುವುದರಿಂದಲೇ ‘ಲಕ್ಷ’ವೆಂಬ ಸಂಖ್ಯಾವಾಚಕದೊಡನೆ ಇದರ ಹೆಸರನ್ನು ಜೋಡಿಸಿ ಹೇಳುವವರಿದ್ದಾರೆ. ದುರ್ಯೋಧನನು ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆಯ ಕಥೆಯನ್ನು ಅರಿಯದ ಮಗು ನಮ್ಮ ಶಾಲೆಗಳಲ್ಲಿಲ್ಲ. ಆ ಕಥೆಯೊಳಗೊಂದು ವಸ್ತುಜ್ಞಾನವೂ ಇದೆ: ಅರಗು ನೋಡಲು ಚೆಲುವು, ಕಾವಿಗೆ ಕರಗುವಂತಹುದು, ಬೆಂಕಿಗೆ ಸುಲಭವಾಗಿ ತುತ್ತಾಗುವಂತಹುದು. ಈ ಗುಣದೋಷಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತವೆ.

ಚನ್ನಪಟ್ಟಣದ ಬಣ್ಣದ ಬೊಂಬೆಗಳಲ್ಲಿ ಅರಗಿನ ಕಲೆಯು ಇಂದಿಗೂ ಜೀವಂತವಾಗಿದೆ. ಟಿಪ್ಪೂ ಸುಲ್ತಾನನು ಪಾರಸಿ ಕುಶಲಕರ್ಮಿಗಳನ್ನು ಕರೆಯಿಸಿ ಇದನ್ನು ನೆಲೆಗೊಳಿಸಿದನೆಂದು ಪ್ರತೀತಿ. ಹಾಲೆ ಮರದ ಬಿಳಿಯ ಮೃದುವಾದ ತುಂಡನ್ನು ಚರಕಿಗೆ ಹಿಡಿದು ತಿರುಗಿಸುತ್ತ, ಉಳಿಯಿಂದ ರೂಪಗೊಳಿಸಿ, ಅದು ತಿರುಗುತ್ತಿರುವಂತೆಯೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರದ ಮೈಗೆ ಹಿಡಿಯುತ್ತದೆ. ಬೆಂಕಿಯಿಲ್ಲ, ಕುಂಚವಿಲ್ಲ. ಆಮೇಲೆ ಕೇದಗೆಯ ಜಾತಿಯ ಒಣಗಿದ ಗರಿಯೊಂದನ್ನು ಮಡಿಸಿ ಅದರ ಮೇಲೆ ಒತ್ತಿದರೆ, ಮಂಕಾಗಿದ್ದ ಬಣ್ಣವು ಕ್ಷಣಮಾತ್ರದಲ್ಲಿ ಗಾಜಿನಂತೆ ಬೆಳಗುತ್ತದೆ. ಇಲ್ಲಿ ಬಳಿಯುವುದೂ ಉಜ್ಜುವುದೂ ಒಂದಾಗಿರುವುದನ್ನು ಗಮನಿಸಬೇಕು. 1583ರಿಂದ ಕೆಲವು ವರ್ಷಗಳ ಕಾಲ ಗೋವೆಯಲ್ಲಿದ್ದ ಡಚ್ಚರ ಲಿನ್‌ಸ್ಕೋಟೆನ್ ಎಂಬಾತನು 1596ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ತಿರುಗುವ ಮರಕ್ಕೆ ಅರಗು ಹಿಡಿಸುವ ಭಾರತೀಯರ ಈ ಚಾತುರ್ಯವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಟಿಪ್ಪುವಿಗೆ ಇನ್ನೂರು ವರ್ಷ ಹಿಂದೆಯೇ ಈ ವಿದ್ಯೆ ಪಡುವಣ ಕರಾವಳಿಯಲ್ಲಿ ತಿಳಿದಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ.

ನಮಗೆ ಇನ್ನೂ ಹತ್ತಿರದ ಕಿನ್ನಾಳದ ಚಿತ್ರಗಾರರ ಮಾರ್ಗ ಬೇರೆ. ತವರವನ್ನು ನುಣ್ಣಗೆ ಮಾಡಿ ಅಂಟಿನೊಡನೆ ಕಲಸಿ, ಮರದ ಮೂರ್ತಿಗೆ ಬಳಿದು, ಒಣಗಿದ ಬಳಿಕ ತಿಕ್ಕಿ ಬೆಳ್ಳಿಯ ಹೊಳಪನ್ನು ತರಿಸುತ್ತಾರೆ. ಅದರ ಮೇಲೆ ಹಳದಿ ಛಾಯೆಯ ಮೆರುಗೆಣ್ಣೆಯನ್ನೆಳೆದರೆ ತವರವೇ ಚಿನ್ನವಾಗಿ ತೋರುತ್ತದೆ. ಲಾಜವರವೆಂದು ಇದಕ್ಕೆ ಹೆಸರು. ಇಂದಿನ ಮೋಟಾರು ಕಾರಿನ ‘ಮೆಟಾಲಿಕ್’ ಬಣ್ಣದಲ್ಲಿಯೂ ಅಲ್ಯೂಮಿನಿಯಮ್ಮಿನ ಸಣ್ಣ ಹಳುಕುಗಳು ಬಣ್ಣದೊಳಗಿರುತ್ತವೆ, ಅವುಗಳ ಮೇಲೆ ತಿಳಿಯಾದ ಮೆರುಗೆಣ್ಣೆಯ ಪದರವಿರುತ್ತದೆ. ಕಿನ್ನಾಳದ ಚಿತ್ರಗಾರನಿಗೆ ಇದನ್ನು ವಿವರಿಸಿದರೆ ಅವನು ಆಶ್ಚರ್ಯಪಡಲಾರನು.

ಬಾಳಿಕೆಯ ಚಿಂತೆಯೂ ಹಳೆಯದೇ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಕಟ್ಟಡದ ಲೇಪಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಬೇಲದ ಕಾಯಿ, ಬೂರುಗದ ಹೂ ಮುಂತಾದುವನ್ನು ನೀರಿನಲ್ಲಿ ಕುದಿಸಿ ಎಂಟರಲ್ಲೊಂದು ಪಾಲಿಗೆ ಇಳಿಸಿ, ಗುಗ್ಗುಳ, ರಾಳ, ಅಗಸೆ, ಬಿಲ್ವ ಮೊದಲಾದುವನ್ನು ಸೇರಿಸಿ, ಬಿಸಿಯಾಗಿರುವಾಗಲೇ ಗುಡಿಗಳಿಗೂ ಮೂರ್ತಿಗಳಿಗೂ ಗೋಡೆಗಳಿಗೂ ಬಳಿಯಬೇಕೆಂದು ಅವನ ವಿಧಿ. ಇನ್ನೊಂದು ಪಾಕದಲ್ಲಿ ಅರಗೂ ಸೇರುತ್ತದೆ. ಈ ಲೇಪವು ಕೋಟಿ ವರ್ಷ ನಿಲ್ಲುತ್ತದೆಂದು ಗ್ರಂಥವು ಭರವಸೆಯನ್ನೀಯುತ್ತದೆ! ಮೂರು ವರ್ಷವೆಂದ ನಮ್ಮ ಅಂಗಡಿಯವನು ಇದರೆದುರು ಎಷ್ಟೋ ಸಂಕೋಚದವನೆಂದೇ ಹೇಳಬೇಕು. ಆದರೆ ಕೋಟಿ ವರ್ಷದ ಮಾತನ್ನು ಬದಿಗಿಟ್ಟು ಸಾಮಗ್ರಿಯನ್ನು ನೋಡಿದರೆ, ಅಗಸೆ ಮತ್ತು ರಾಳಗಳು ಒಂದೆಡೆ ಸೇರಿರುವುದು ಕಣ್ಣಿಗೆ ಬೀಳುತ್ತದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಬಳಿಕ ಯೂರೋಪಿನ ಗಾಡಿಗಾರನು ಸಾರೋಟಿಗೆ ಬಳಿದ ಮೆರುಗೆಣ್ಣೆಯ ಜೀವಾಳವೂ ಅಗಸೆಯೆಣ್ಣೆ ಮತ್ತು ರಾಳವೇ ಆಗಿತ್ತು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ, ಚಿತ್ರದ ಬಣ್ಣವನ್ನು ಗೋಡೆಗೆ ಕಚ್ಚಿಸಲು ಎಮ್ಮೆಯ ತೊಗಲನ್ನು ಬೇಯಿಸಿ ಮಾಡುವ ವಜ್ರಲೇಪದ ವಿವರವಿದೆ. ಜೇನುಮೇಣದಲ್ಲಿ ಮೂರ್ತಿಯನ್ನು ತಿದ್ದಿ, ಮಣ್ಣಿನಿಂದ ಮುಚ್ಚಿ, ಕಾಯಿಸಿ ಮೇಣವನ್ನು ಹರಿಯಬಿಟ್ಟು, ಆ ಪೊಳ್ಳಿಗೆ ಲೋಹವನ್ನೆರೆಯುವ ವಿಧಾನವನ್ನೂ ಅದು ಹೇಳುತ್ತದೆ. ನಮ್ಮ ಆದವಾನಿಯ ಸುತ್ತಿನ ಸಿಂದವಾಡಿ ನಾಡು ಆ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. ಮೇಣದ ಮುಖ್ಯ ಗುಣವೆಂದರೆ ಕಾವಿಗೆ ಓಡಿಹೋಗುವುದು ಎಂಬುದನ್ನು ಆ ಲೋಹಕಾರರು ಬಲ್ಲರು. ಅವರಿಗೆ ಅದೇ ಬೇಕಾಗಿತ್ತು. ಕಾರಿನವನಿಗೆ ಬೇಕಾದದ್ದು ಓಡಿಹೋಗದ ಮೇಣ.

ಇಪ್ಪತ್ತನೆಯ ಶತಮಾನಕ್ಕೆ ಬರೋಣ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ‘ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್’ ಸ್ಥಾಪನೆಯಾಯಿತು. ಕಾಡಿನ ಅರಗನ್ನು ಆಧಾರವಾಗಿಟ್ಟುಕೊಂಡು ಹುಟ್ಟಿದ ಈ ಕಾರ್ಖಾನೆಯು ಮುದ್ರೆಯರಗನ್ನೂ ಬಣ್ಣ ಮೆರುಗೆಣ್ಣೆಗಳನ್ನೂ ತಯಾರಿಸಿತು. ಪರೀಕ್ಷೆಯ ಪ್ರಶ್ನಪತ್ರಿಕೆಗಳ ಕಟ್ಟಿನ ಮೇಲಣ ಕೆಂಪು ಅರಗನ್ನು ಒಡೆಯುವಾಗ ಉಪಾಧ್ಯಾಯರಲ್ಲಿ ಯಾರಿಗೆ ತಾನೆ ಎದೆ ಹೊಡೆದುಕೊಂಡಿಲ್ಲ! 1962ರ ಮಹಾಚುನಾವಣೆಯಿಂದೀಚೆಗೆ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಇದೇ ಕಾರ್ಖಾನೆಯದು. 1989ರಲ್ಲಿ ಇದರ ಹೆಸರು ‘ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್’ ಎಂದು ಬದಲಾಯಿತು. ಹೆಸರಿನಿಂದ ‘ಲ್ಯಾಕ್’ ಜಾರಿಹೋದುದು ಆಕಸ್ಮಿಕವೆಂದು ನಾವು ಎಣಿಸುವುದಿಲ್ಲ. ಅರಗಿನ ಯುಗವು ಅಷ್ಟರಲ್ಲಿ ಮುಗಿದಿತ್ತು. ಅದು ನೀರು ತಾಗಿದರೆ ಬಿಳುಚುತ್ತದೆ, ಮದ್ಯಸಾರಕ್ಕೆ ಕರಗುತ್ತದೆ, ಬಿಸಿಲಿಗೆ ಮೆತ್ತಗಾಗುತ್ತದೆ. ಕುರ್ಚಿಗೆ, ತೊಟ್ಟಿಲಿಗೆ, ಗ್ರಾಮಫೋನಿನ ತಟ್ಟೆಗೆ ಸರಿ; ಬಯಲಿನಲ್ಲಿ ನಿಲ್ಲುವ ಗಾಡಿಗೆ ಸಲ್ಲದು.

ಮೊದಮೊದಲಿನ ಮೋಟಾರುಗಳಿಗೆ ಸಾರೋಟಿನ ಬಣ್ಣವನ್ನೇ ಬಳಿಯುತ್ತಿದ್ದರು. ಅಗಸೆಯೆಣ್ಣೆಯು ಗಾಳಿಯೊಳಗಿನ ಆಮ್ಲಜನಕವನ್ನು ಹೀರಿ ತಾನಾಗಿ ಗಟ್ಟಿಯಾಗಬೇಕು. ಒಂದು ಪದರ ಒಣಗಿದ ಮೇಲೆ ಉಜ್ಜಿ ಇನ್ನೊಂದು, ಹೀಗೆ ಹಲವು ಪದರಗಳಾಗುವಷ್ಟರಲ್ಲಿ ವಾರಗಳೇ ಕಳೆಯುತ್ತಿದ್ದವು. ಎಲ್ಲ ಎಣ್ಣೆಗೂ ಹೀಗೆ ಒಣಗುವ ಶಕ್ತಿಯಿಲ್ಲ. ಆದವಾನಿಯ ಗಿರಣಿಗಳ ಕಡಲೆಕಾಯಿ ಎಣ್ಣೆಗಾಗಲಿ ಕೊಬ್ಬರಿ ಎಣ್ಣೆಗಾಗಲಿ ಅದಿಲ್ಲ. ಹರಳೆಣ್ಣೆಯಾದರೂ ಕಾರ್ಖಾನೆಯಲ್ಲಿ ಅದರಿಂದ ನೀರಿನಂಶವನ್ನು ತೆಗೆದ ಬಳಿಕವೇ ಬಣ್ಣಕ್ಕೆ ಒದಗುತ್ತದೆ. ಕಾರು ಹೊಳೆಯಲೆಂದು ಅಡಿಗೆಯೆಣ್ಣೆಯನ್ನೋ ಸೀಮೆಎಣ್ಣೆಯನ್ನೋ ಬಟ್ಟೆಗೆ ಹಾಕಿ ಒರೆಸುವ ನಮ್ಮ ಚಾಲಕರ ರೂಢಿಯು ಏಕೆ ಕೆಟ್ಟದ್ದೆಂಬುದು ಇಲ್ಲಿಯೇ ತಿಳಿಯುತ್ತದೆ. ಅಡಿಗೆಯೆಣ್ಣೆ ಒಣಗದೆ ಜಿಗುಟಾಗಿ ಉಳಿದು ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಸೀಮೆಎಣ್ಣೆ ಹಳೆಯ ಮೇಣವನ್ನು ಕರಗಿಸಿ ಒಯ್ದು, ಅರ್ಧ ದಿನ ಹೊಳೆದು, ಆರಿಹೋಗುತ್ತದೆ.

ವಾರಗಳ ಈ ಕಾಯುವಿಕೆ ಕಾರ್ಖಾನೆಗಳಿಗೆ ಸಹಿಸಲಾರದ ಹೊರೆಯಾಯಿತು. 1914ರಿಂದ 1925ರವರೆಗೆ ಫೋರ್ಡನ ‘ಮಾಡೆಲ್ ಟಿ’ ಕಾರು ಕಪ್ಪು ಬಣ್ಣದಲ್ಲಿ ಮಾತ್ರವೇ ಹೊರಬಂದುದನ್ನು ಎಲ್ಲರೂ ಕೇಳಿದ್ದೇವೆ. ಬೇಗ ಒಣಗುವ ಅಗ್ಗದ ಕಪ್ಪು ಬಣ್ಣವು ಕೈಗೆ ಸಿಕ್ಕಿದುದೂ ಅದಕ್ಕೊಂದು ಕಾರಣವೆಂದು ಹೇಳುತ್ತಾರೆ. ಬಿಡುಗಡೆ ಬಂದದ್ದು ಹತ್ತಿಯಿಂದ! ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದೊಡನೆ ಸೇರಿಸಿ ಮಾಡುವ ನೈಟ್ರೋಸೆಲ್ಯುಲೋಸ್ ಮೊದಲನೆಯ ಮಹಾಯುದ್ಧದಲ್ಲಿ ಮದ್ದುಗುಂಡಿಗೆ ಬಳಕೆಯಾಗಿತ್ತು. 1918ರಲ್ಲಿ ಯುದ್ಧ ಮುಗಿದ ಮೇಲೆ ಅಮೆರಿಕದ ಡ್ಯೂಪಾಂಟ್ ಕಂಪನಿಯು ಅದನ್ನೇ ದ್ರಾವಕದಲ್ಲಿ ಕರಗಿಸಿ, ಸಿಂಪಡಿಸಿದ ಕೆಲವು ಗಂಟೆಗಳಲ್ಲಿಯೇ ಒಣಗುವ ಬಣ್ಣವಾಗಿಸಿ, ‘ಡ್ಯೂಕೊ’ ಎಂದು ಹೆಸರಿಟ್ಟಿತು. 1923ರಲ್ಲಿ ಜನರಲ್ ಮೋಟಾರ್ಸಿನ ಓಕ್ಲೆಂಡ್ ಕಾರುಗಳು, 1924ರ ಮಾದರಿಯೆಂಬ ಹೆಸರಿನಲ್ಲಿ, ಈ ಬಣ್ಣವನ್ನು ಧರಿಸಿ ನೀಲಿಯಾಗಿ ಹೊರಬಂದವು. ಇಂದಿಗೂ ನಮ್ಮ ಬಡಗಿಗಳು ಮರದ ಕಪಾಟಿಗೆ ಸಿಂಪಡಿಸುವ ಬಣ್ಣವನ್ನು ‘ಡ್ಯೂಕೊ’ ಎಂದೇ ಕರೆಯುತ್ತಾರೆ. ಆದವಾನಿಯ ಸಂತೆಗೆ ಹತ್ತಿಯ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ ರೈತನಿಗೆ, ತನ್ನ ಬೆಳೆಯ ಜಾತಿಯೇ ಶ್ರೀಮಂತರ ಕಾರಿನ ಮೈಮೇಲೆ ಬಣ್ಣವಾಗಿ ಕುಳಿತಿದೆಯೆಂದು ಯಾರು ಹೇಳಿಯಾರು?

ಆದರೆ ಈ ಹತ್ತಿಯ ಬಣ್ಣವು ಬೇಗ ಒಣಗಿದಂತೆ ಬೇಗ ಮಂಕಾಗುತ್ತಲೂ ಇತ್ತು. ಅದನ್ನು ಮತ್ತೆ ಮತ್ತೆ ಉಜ್ಜಬೇಕು, ಉಜ್ಜಿದುದನ್ನು ಕಾಯಲು ಏನಾದರೂ ಬಳಿಯಬೇಕು. ಕಾರಿನ ಮೇಣದ ವ್ಯಾಪಾರವು ಕುದುರಿದುದು ಹೀಗೆ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಬೇಸಗೆಯ ಮಧ್ಯಾಹ್ನ ಬಯಲಿನಲ್ಲಿ ನಿಂತ ಕಪ್ಪು ಕಾರಿನ ನೆತ್ತಿಯು 70 ಡಿಗ್ರಿಯನ್ನು ದಾಟಬಲ್ಲದು. ಆದ್ದರಿಂದ ಹೆಚ್ಚು ಕಾವನ್ನು ತಡೆಯುವ ಮೇಣ ಬೇಕಾಯಿತು. ಅದು ಬ್ರೆಜಿಲ್ ದೇಶದ ಈಶಾನ್ಯ ಭಾಗದ ಕಾರ್ನಾಬ ಎಂಬ ತಾಳೆಯಲ್ಲಿ ಸಿಕ್ಕಿತು. ಅದು ಕರಗುವುದು 82ರಿಂದ 86 ಡಿಗ್ರಿಯಲ್ಲಿ. ಆ ಸೀಮೆಯೂ ನಮ್ಮ ರಾಯಲಸೀಮೆಯಂತೆ ಬರಗಾಲಕ್ಕೆ ಹೆಸರಾದುದು. ಬಿಸಿಲಿಗೆ ನೀರಾರದಂತೆ ಆ ಮರವು ತನ್ನ ಗರಿಗಳ ಮೇಲೆ ಮೇಣದ ಪುಡಿಯನ್ನು ಹೊದೆದುಕೊಳ್ಳುತ್ತದೆ. ಒಣಗಾಲದಲ್ಲಿ ಗರಿಗಳನ್ನು ಕೊಯ್ದು, ಒಣಗಿಸಿ, ಬಡಿದು ಆ ಪುಡಿಯನ್ನು ಉದುರಿಸುತ್ತಾರೆ. ಎಳೆಯ ಗರಿಯ ಹಳದಿ ಮೇಣಕ್ಕೆ ಬೆಲೆ ಹೆಚ್ಚು. 1935ರಲ್ಲಿ ಅಮೆರಿಕದ ಮೇಣದ ವ್ಯಾಪಾರಿ ಎಚ್. ಎಫ್. ಜಾನ್ಸನ್ ಕಿರಿಯನು ಈ ಮರವನ್ನು ಹುಡುಕಿಕೊಂಡು, ‘ಕಾರ್ನಾಬ’ವೆಂದೇ ಹೆಸರಿಟ್ಟ ವಿಮಾನದಲ್ಲಿ ಬ್ರೆಜಿಲಿನ ಫೋರ್ಟಲೇಜಾ ಪಟ್ಟಣಕ್ಕೆ ಹಾರಿಹೋದನು. ನೀರಿನ ಬರವಿಲ್ಲದ ನೆಲದಲ್ಲಿ ನೆಟ್ಟರೆ ಇದೇ ಮರವು ಅಷ್ಟು ಮೇಣವನ್ನು ಕೊಡುವುದಿಲ್ಲವಂತೆ. ಬರದ ನಾಡಿನವರಾದ ನಮಗೆ ಈ ಸಂಗತಿಯನ್ನೋದಿದಾಗ ಏನೋ ಒಂದು ಬಂಧುತ್ವವು ಮನಸ್ಸಿಗೆ ತೋರಿತು.

ಮುಂದಿನದನ್ನು ಚುಟುಕಾಗಿ ಹೇಳಿಬಿಡುವೆವು. ನೈಟ್ರೋಸೆಲ್ಯುಲೋಸಿನ ಬಳಿಕ ಆಲ್ಕಿಡ್ ಎನಾಮೆಲು, 1950ರ ದಶಕದಲ್ಲಿ ಅಕ್ರಿಲಿಕ್, ಆಮೇಲೆ 1970-80ರ ದಶಕಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ ತಿಳಿಲೇಪವನ್ನು ಕೊಡುವ ಪದ್ಧತಿ ಹರಡಿದವು. ಬಿಸಿಲಿಗೆ ಸುಣ್ಣದಂತೆ ಪುಡಿಯೇಳುವ ಬಣ್ಣವನ್ನು ನಾವು ಹಳೆಯ ಅಂಬಾಸಡರ್ ಕಾರುಗಳ ಮೇಲೆ ಕಂಡಿದ್ದೇವೆ. ಒರೆಸಿದ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. 2014ರಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು. ಇಂದಿನ ಕಾರಿನಲ್ಲಿ ನಾವು ಕೈಯಿಂದ ಮುಟ್ಟುವುದು ಬಣ್ಣವನ್ನಲ್ಲ, ತಿಳಿಲೇಪವನ್ನು. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳುವು. ಪ್ರತಿ ಸಲ ಯಂತ್ರದಿಂದ ಉಜ್ಜಿಸಿದಾಗಲೂ ಇದರಲ್ಲಿ ಒಂದಷ್ಟು ಸವೆದುಹೋಗುತ್ತದೆ, ಹೋದದ್ದು ಮರಳುವುದಿಲ್ಲ. ವರ್ಷಕ್ಕೆರಡು ಸಲ ‘ಪಾಲಿಷ್’ ಮಾಡಿಸಿ ಹೆಮ್ಮೆಪಡುವವರು ತಮ್ಮ ಕಾರಿನ ಚರ್ಮವನ್ನೇ ಸುಲಿಯಿಸುತ್ತಿದ್ದಾರೆಂದು ತಿಳಿಯಬೇಕು.

ಈ ತಿಳಿಲೇಪವನ್ನು ಕಾಯಲು ಈಗ ಅಂಗಡಿಯಲ್ಲಿ ಮೂರು ಬಗೆಯ ವಸ್ತುಗಳು ಸಿಕ್ಕುತ್ತವೆ. ಕಾರ್ನಾಬ ಸೇರಿದ ಮೇಣ. ರಸಾಯನಶಾಲೆಯಲ್ಲಿ ಕೂಡಿಸಿದ ಪಾಲಿಮರುಗಳ ಲೇಪ, ಎಂದರೆ ಸೀಲಂಟು. ಸಿಲಿಕಾನಿನ ಸಂಯುಕ್ತಗಳಿಂದಾಗಿ ಗಾಜಿನ ಜಾತಿಯ ಪೊರೆಯಾಗಿ ಗಟ್ಟಿಗೊಳ್ಳುವ ಸೆರಾಮಿಕ್ ಲೇಪ. ಮೇಣವು ಬಣ್ಣಕ್ಕೊಂದು ಆಳವಾದ ಆರ್ದ್ರ ಕಾಂತಿಯನ್ನು ಕೊಡುತ್ತದೆಂದು ರಸಿಕರ ಅಭಿಮತ. ತಂಪಾದ ಊರಿನಲ್ಲಿ ಎರಡು ಮೂರು ತಿಂಗಳು ನಿಂತೀತು; ನಮ್ಮ ಬೇಸಗೆಯಲ್ಲಿ ಕೆಲವೇ ವಾರ. ಸೀಲಂಟು ನಾಲ್ಕಾರು ತಿಂಗಳು ಬಾಳುತ್ತದೆ. ಹೊಳಪು ಸ್ವಲ್ಪ ಕನ್ನಡಿಯಂತೆ ಶುಷ್ಕವಾದುದು. ಸೆರಾಮಿಕ್ ವರ್ಷಗಟ್ಟಲೆ ನಿಲ್ಲಬಲ್ಲದು, ಆದರೆ ಬೆಲೆ ಹೆಚ್ಚು. ಹಚ್ಚುವ ಮೊದಲಿನ ಸಿದ್ಧತೆ ಸರಿಯಿಲ್ಲದಿದ್ದರೆ ಕೆಳಗಿನ ಗೀರು ಕಲೆಗಳನ್ನೆಲ್ಲ ಗಾಜಿನೊಳಗಿಟ್ಟು ಮೆರೆಸಿದಂತಾಗುತ್ತದೆ. ಮೂರರಲ್ಲಿ ಯಾವುದೂ ಒರಟನ್ನು ನುಣುಪು ಮಾಡಲಾರದು. ಮೇಣದ ಪೊರೆ ಒಂದು ಮೈಕ್ರಾನಿಗಿಂತಲೂ ತೆಳುವೆಂದ ಮೇಲೆ, ಗೀರನ್ನು ಅದು ತುಂಬುವುದೆಂತು? ಇಟಗಿಯ ಕಂಬವನ್ನು ಹೊಳೆಯಿಸಿದ ತತ್ತ್ವವೇ ಇಲ್ಲಿಯೂ ಒಡೆಯ. ಲೇಪವು ಕಾವಲುಗಾರ ಮಾತ್ರ.

ಸೆರಾಮಿಕ್ಕಿನ ಡಬ್ಬಿಗಳ ಮೇಲೆ ‘9ಎಚ್’ ಎಂಬ ಗುರುತನ್ನು ದೊಡ್ಡದಾಗಿ ಅಚ್ಚುಹಾಕಿರುತ್ತಾರೆ. ವಜ್ರದ ಗಟ್ಟಿತನವು ಮೋಸ್ ಮಾನದಲ್ಲಿ 10 ಎಂದು ಓದಿದ ವಿದ್ಯಾರ್ಥಿಯು, ಇದು ವಜ್ರಕ್ಕೆ ಒಂದು ಮೆಟ್ಟಿಲು ಕೆಳಗೆಂದು ಭಾವಿಸಿಬಿಡುತ್ತಾನೆ. ಅದು ತಪ್ಪು. ಇದು ಪೆನ್ಸಿಲಿನ ಮಾನ. ಎಚ್‌ಬಿ, 2ಎಚ್ ಎಂದು ನಮ್ಮ ಚಿತ್ರಕಲೆಯ ಪೆನ್ಸಿಲುಗಳ ಮೇಲೆ ಬರೆದಿರುತ್ತದೆಯಲ್ಲ, ಅದರಲ್ಲಿ 9ಎಚ್ ಪೆನ್ಸಿಲನ್ನು ಒತ್ತಿ ಎಳೆದರೂ ಗೀರು ಬೀಳದೆಂದಷ್ಟೇ ಅರ್ಥ. ರಸ್ತೆಯ ಧೂಳಿನೊಳಗಣ ಬೆಣಚುಕಲ್ಲಿನ ಕಣವು ಮೋಸ್ ಮಾನದಲ್ಲಿ 7. ಅದರೆದುರು ಪೆನ್ಸಿಲಿನ ಶೌರ್ಯ ನಡೆಯುವುದಿಲ್ಲ.

ನೀರು ಮುತ್ತಾಗಿ ಉರುಳುವುದನ್ನು ತೋರಿಸಿಯೂ ಮಾರುತ್ತಾರೆ. ತಾವರೆಯೆಲೆಯ ಮೇಲಿನ ನೀರನ್ನು ವೈರಾಗ್ಯಕ್ಕೆ ಉಪಮಾನವಾಗಿ ಕೇಳಿ ಬೆಳೆದವರು ನಾವು. ವಿಜಯದಾಸರ ಚಿಪ್ಪಗಿರಿ ನಮಗೆ ನೆರೆಯ ಊರು. ಆ ಎಲೆಯ ಮೈಯಲ್ಲಿ ಕಣ್ಣಿಗೆ ಕಾಣದ ಉಬ್ಬುಗಳೂ ಅವುಗಳ ಮೇಲೆ ಮೇಣದ ಸೂಕ್ಷ್ಮ ಹರಳುಗಳೂ ಇರುವುದನ್ನೂ, ಉರುಳುವ ಹನಿಯು ಧೂಳನ್ನು ಜೊತೆಗೊಯ್ಯುವುದನ್ನೂ ಜರ್ಮನಿಯ ಸಸ್ಯವಿಜ್ಞಾನಿ ಬಾರ್ತ್‌ಲಾಟ್ ತನ್ನ ಸಹೋದ್ಯೋಗಿಯೊಡನೆ 1997ರಲ್ಲಿ ವಿವರಿಸಿದನು. ಆದರೆ ಎಲೆಯು ಓಲಾಡುತ್ತದೆ, ಹನಿ ಉರುಳಿ ಬೀಳುತ್ತದೆ. ಕಾರಿನ ನೆತ್ತಿ ಸಮತಟ್ಟು, ಹನಿ ಅಲ್ಲಿಯೇ ನಿಲ್ಲುತ್ತದೆ. ನಮ್ಮ ಕೊಳವೆಬಾವಿಯ ನೀರೋ ಸುಣ್ಣದಂಶ ತುಂಬಿದ ಗಡಸು ನೀರು. ಮುತ್ತಾಗಿ ನಿಂತ ಹನಿಯು ಬಿಸಿಲಿಗೆ ಆರಿದರೆ, ಅದರ ಸುಣ್ಣವೆಲ್ಲ ಒಂದೇ ಬೊಟ್ಟಿನಷ್ಟು ಜಾಗದಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ನಮ್ಮ ವಿದ್ಯಾರ್ಥಿಯ ಕಾರಿನ ಮೇಲಣ ಬಿಳಿಯ ಕಲೆಗಳ ರಹಸ್ಯವಿದು. ಲೇಪವು ಹಾಳಾಗಿರಲಿಲ್ಲ, ನೀರನ್ನು ಮುತ್ತು ಮಾಡುವ ತನ್ನ ಕೆಲಸವನ್ನು ಮಾಡಿತ್ತು, ಮತ್ತು ಆ ಮುತ್ತೇ ಮುಳ್ಳಾಗಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಕೊಳವೆಬಾವಿಯ ನೀರೆರಚಿ ಒರೆಸದೆ ಬಿಡುತ್ತಿದ್ದುದಾಗಿ ಅವನೇ ಒಪ್ಪಿಕೊಂಡನು. ಅದನ್ನು ಅಂಗಡಿಯವನು ಹೇಳಿಕೊಡಬೇಕಾಗಿತ್ತೆಂಬುದೂ ನಿಜ.

ಈ ಪರಿಸ್ಥಿತಿಯಲ್ಲಿ ಯಾವುದನ್ನು ಆರಿಸಬೇಕೆಂದರೆ, ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ನೆರಳಿನ ಕೊಟ್ಟಿಗೆಯಿದ್ದು, ತಿಂಗಳಿಗೊಮ್ಮೆ ಕೈಯಾರೆ ತಿಕ್ಕುವ ಬಿಡುವೂ ಪ್ರೀತಿಯೂ ಉಳ್ಳವರಿಗೆ ಮೇಣ. ಬಾಡಿಗೆಯ ಗಾಡಿಯವರಿಗೆ, ಬಯಲಿನಲ್ಲಿ ನಿಲ್ಲಿಸುವವರಿಗೆ ಸೀಲಂಟು. ಯುಗಾದಿಗೆ ಮುನ್ನ ಒಮ್ಮೆ, ದಸರೆಗೆ ಮುನ್ನ ಒಮ್ಮೆ ಹಚ್ಚಿದರೆ ಬೇಸಗೆ ಮಳೆಗಾಲಗಳೆರಡೂ ಕಳೆಯುತ್ತವೆ, ಒಬ್ಬನೇ ಮನೆಯಲ್ಲಿ ಹಚ್ಚಬಹುದು, ಖರ್ಚು ಕಂತಿನ ಹಣವನ್ನು ನುಂಗುವುದಿಲ್ಲ. ಸೆರಾಮಿಕ್ಕು ಹೊಸ ಕಾರಿಗೆ, ಅದೂ ಮೆದುವಾದ ನೀರು ದೊರೆಯುವ ಕಡೆ, ಶೋಭಿಸೀತು. ಡಬ್ಬಿಯನ್ನು ಕೊಳ್ಳುವಾಗ ಸಿಲಿಕೋನ್ ಎಣ್ಣೆ ಸೇರಿದೆಯೇ ಎಂದು ವಿಚಾರಿಸಬೇಕು. ಅದು ಹೊಳೆಯುವುದೇನೋ ಹೌದು. ಆದರೆ ಅದರ ಶೇಷ ಉಳಿದ ಮೈಗೆ ಮುಂದೆಂದಾದರೂ ಬಣ್ಣ ಸಿಂಪಡಿಸಿದರೆ, ಬಣ್ಣವು ಹಿಡಿಯದೆ ಮೀನಿನ ಕಣ್ಣಿನಂತಹ ಗುಳಿಗಳೇಳುತ್ತವೆ.

ಯಾವುದನ್ನೇ ಹಚ್ಚುವ ಮುನ್ನ ಮೈಯನ್ನು ಪರೀಕ್ಷಿಸಲು ಒಂದು ಸುಲಭೋಪಾಯವಿದೆ. ತೊಳೆದೊಣಗಿದ ಕಾರಿನ ಮೇಲೆ, ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಸವರಿ ನೋಡಬೇಕು. ಬರಿಗೈಗೆ ತಿಳಿಯದ ಮರಳಿನ ಗರಗರಿ ಆಗ ತಿಳಿಯುತ್ತದೆ. ರೈಲು ನಿಲ್ದಾಣಗಳ ಬಳಿ ನಿಲ್ಲುವ ಕಾರುಗಳಲ್ಲಿ, ಗಾಲಿಗಳಿಂದಲೂ ಬ್ರೇಕುಗಳಿಂದಲೂ ಹಾರಿದ ಕಬ್ಬಿಣದ ಹುಡಿ ನಾಟಿಕೊಂಡು ತುಕ್ಕಿನ ಚುಕ್ಕೆಗಳಾಗುತ್ತವೆ. ಗುಂತಕಲ್ಲಿನ ಜಂಕ್ಷನ್ನು ಹತ್ತಿರದಲ್ಲಿಯೇ ಇರುವ ನಮಗೆ ಇದು ದೂರದ ಮಾತಲ್ಲ. ಇದನ್ನು ತೆಗೆಯಲು ಜೇಡಿಯಂತಹ ಜಿಗುಟಾದ ಮುದ್ದೆಯೊಂದು ಅಂಗಡಿಗಳಲ್ಲಿ ದೊರೆಯುತ್ತದೆ. ಸೋಪಿನ ನೀರು ಹಾಕಿ ಮೆಲ್ಲನೆ ಜಾರಿಸಿದರೆ ನಾಟಿದುದನ್ನೆಲ್ಲ ಕಿತ್ತುಕೊಳ್ಳುತ್ತದೆ. ಅದು ನೆಲಕ್ಕೆ ಬಿದ್ದರೆ ಮತ್ತೆ ಬಳಸಬಾರದು.

ಎಲ್ಲಕ್ಕಿಂತ ದೊಡ್ಡ ಶತ್ರು ಒಣಬಟ್ಟೆ. ಬೆಳಗಾಗುತ್ತಲೇ ಎರೆನೆಲದ ಧೂಳು ಕುಳಿತ ಕಾರನ್ನು ಒಣಗಿದ ಬಟ್ಟೆಯಿಂದ ಗಸಗಸನೆ ಒರೆಸುವ ಚಾಲಕನು, ಬೆಣಚಿನ ಕಣಗಳನ್ನು ತಾನೇ ತಿಳಿಲೇಪದ ಮೇಲೆ ಎಳೆದಾಡುತ್ತಿರುತ್ತಾನೆ. ಬಿಸಿಲಿಗೆ ಎದುರಾಗಿ ನಿಂತು ನೋಡಿದರೆ ಜೇಡರಬಲೆಯಂತಹ ಗೀರುಗಳು ಕಾಣುತ್ತವೆ. ಹತ್ತು ಬೇಸಗೆಗಳು ಮಾಡದ ಹಾನಿಯನ್ನು ಆ ಶ್ರದ್ಧಾವಂತನ ಒಂದು ವರ್ಷದ ಸೇವೆಯು ಮಾಡುತ್ತದೆ. ಮೊದಲು ನೀರು ಹರಿಸಿ ಧೂಳನ್ನಿಳಿಸಬೇಕು, ಆಮೇಲೆ ಮುಟ್ಟಬೇಕು.

ಇಷ್ಟನ್ನೂ ಬರೆದು ಮುಗಿಸುವ ಹೊತ್ತಿಗೆ ಮತ್ತೊಂದು ಮಹಾನವಮಿ ಬಂದಿತು. ಸಿರ್ಕಾವನ್ನು ಅಷ್ಟೇ ಪ್ರಮಾಣದ ನೀರಿಗೆ ಬೆರೆಸಿ ಬಟ್ಟೆ ನೆನೆಸಿ, ಕಲೆಗಳ ಮೇಲೆ ಸ್ವಲ್ಪ ಹೊತ್ತಿಟ್ಟು ತೊಳೆಯುವಂತೆ ನಮ್ಮ ಹುಡುಗನಿಗೆ ಹೇಳಿದ್ದೆವು. ಸುಣ್ಣವು ಹುಳಿಗೆ ಕರಗುವುದೆಂಬುದು ಪಾಠಪುಸ್ತಕದ ಮಾತೇ. ಮುಕ್ಕಾಲು ಪಾಲು ಕಲೆಗಳು ಹೋದವು. ಆಳಕ್ಕೆ ಕಚ್ಚಿದ ನಾಲ್ಕಾರು ಉಳಿದವು. ಈ ಸಲ ಅವನು ಸೂರ್ಯ ಮೂಡುವ ಮುನ್ನವೇ ಕಾರನ್ನು ತೊಳೆದು, ಮಳೆಯ ನೀರನ್ನು ಹಿಡಿದಿಟ್ಟಿದ್ದ ಕೊಡದಿಂದ ಕೊನೆಯ ನೀರು ಸುರಿದು, ಮೆತ್ತನೆಯ ಬಟ್ಟೆಯಿಂದ ಹನಿಯುಳಿಯದಂತೆ ಒತ್ತಿ ಆರಿಸುತ್ತಿದ್ದನು. ಅರಿಸಿನ ಕುಂಕುಮಗಳನ್ನು ಕಾರಿನ ಮೈಗೆ ಹಚ್ಚದೆ ಮುಂಗಾಜಿಗೆ ಹಚ್ಚಬಹುದೆ ಎಂದು ಅವನ ತಾಯಿಯನ್ನು ಕೇಳಿದಾಗ, ಆ ಹಿರಿಯಳು ಸ್ವಲ್ಪ ಹೊತ್ತು ಯೋಚಿಸಿ, “ಗಾಜೂ ಗಾಡೀದ ಅಲ್ಲೇನಪ್ಪಾ, ಹಚ್ಚು” ಎಂದಳು.